ಪಕ್ಕದ ಪರದೆಯ ಪಿಸಕ್ಕ

ನಾಟಕ ಕಂಪನಿಯಲ್ಲಿ ಅವಳಿಗೆ ಪಿಸಕ್ಕ ಎಂದೇ ಹೆಸರು. ಪಿಸುಮಾತಿನ ಅಕ್ಕ ಎನ್ನುವುದನ್ನು ಯಾರೋ ಸೋಮಾರಿ ನಟ ಮೊಟಕು ಮಾಡಿದ್ದ, ಅದೇ ಅಂಟಿಕೊಂಡಿತು. ಮೂವತ್ತೊಂದು ವರ್ಷ ಅವಳು ಅಲ್ಲಿ ಮಾಡಿದ್ದು ಒಂದೇ ಕೆಲಸ. ರಂಗದ ಎಡಬದಿಯ ಪರದೆಯ ಮರೆಯಲ್ಲಿ ಸ್ಟೂಲ್ ಹಾಕಿಕೊಂಡು ಕೂತು, ಮಾತು ಮರೆತವರಿಗೆ ಮಾತು ಕೊಡುವುದು. ಪ್ರಾಂಪ್ಟರ್ ಅನ್ನುತ್ತಾರಲ್ಲ, ಅದು. ಆ ಕೆಲಸ ಎಷ್ಟು ಚೆನ್ನಾಗಿ ನಡೆದರೆ ಅಷ್ಟು ಯಾರಿಗೂ ಗೊತ್ತಾಗುವುದಿಲ್ಲ. ಅಂಥ ಕೆಲಸಗಳನ್ನು ಹುಡುಕಿ ಹುಡುಕಿ ಹೆಂಗಸರಿಗೇ ಯಾಕೆ ಕೊಡುತ್ತಾರೋ, ಕೇಳಬೇಡಿ.

ಹತ್ತೊಂಬತ್ತರ ವಯಸ್ಸಿನಲ್ಲಿ ಅವಳು ಬಂದಿದ್ದು ನಟಿಯಾಗಲು. ಕಂಪನಿಯ ಮಾಲೀಕರು ರಂಗದ ನಡುವೆ ನಿಲ್ಲಿಸಿ ನಾಲ್ಕು ಸಾಲು ಹೇಳಿಸಿದರು. ದನಿ ಮೂರನೇ ಸಾಲಿನ ಕುರ್ಚಿಗಳನ್ನು ದಾಟಲಿಲ್ಲ. "ಅಮ್ಮಾ, ನಿನ್ನ ಗಂಟಲು ಅಡುಗೆಮನೆಯಿಂದ ಹಜಾರಕ್ಕೂ ಬರಲ್ಲ" ಎಂದು ಅವರು ಮುಂದಿನವಳನ್ನು ಕರೆದರು. ಮುಂದಿನವಳು ಎತ್ತರದ ಹುಡುಗಿ, ಗಂಟೆ ಬಾರಿಸಿದಂಥ ಕಂಠ. ಆದರೆ ಎರಡನೇ ಸಾಲಿಗೇ ಅವಳ ಬಾಯಿ ಕಟ್ಟಿಹೋಯಿತು. ಪಕ್ಕದಲ್ಲಿ ಮೂಗೊರೆಸಿಕೊಳ್ಳುತ್ತ ನಿಂತಿದ್ದ ಪಿಸಕ್ಕ, ಪಾಪ ಅನ್ನಿಸಿ, ಮುಂದಿನ ಮಾತನ್ನು ಮೆಲ್ಲಗೆ ಹೇಳಿದಳು. ಹುಡುಗಿಗೆ ಕೇಳಿತು. ಎದುರಿಗೇ ಕೂತಿದ್ದ ಮಾಲೀಕರಿಗೆ ಕೇಳಲಿಲ್ಲ. ಹುಡುಗಿ ಕತ್ತು ತಿರುಗಿಸಿದ್ದನ್ನು ಕಂಡೇ ಅವರಿಗೆ ವಿಷಯ ಗೊತ್ತಾಗಿದ್ದು. ಅವತ್ತೇ ಇಬ್ಬರಿಗೂ ಕೆಲಸ ಸಿಕ್ಕಿತು. ಎತ್ತರದ ಹುಡುಗಿ ಮುಂದೆ ರಾಣಿಯ ಪಾತ್ರಗಳನ್ನೇ ಮಾಡಿ ಮಾಡಿ ಊರಿಗೆಲ್ಲ ರಾಣಿಯೇ ಆದಳು.

ಮಾಲೀಕರು ಪಿಸಕ್ಕನಿಗೆ ಕೆಲಸ ಕಲಿಸಿದ್ದೂ ಹಾಗೇ, ಬೈಯುತ್ತ ಬೈಯುತ್ತ. ಪೂರ್ತಿ ಸಾಲು ಕೊಡಬಾರದು, ಮೊದಲ ಎರಡು ಪದ ಸಾಕು. ತಡವರಿಸಿದ ತಕ್ಷಣ ಕೊಡಬಾರದು, ಮೂರು ಉಸಿರು ಕಾಯಬೇಕು. ಎಲ್ಲಕ್ಕಿಂತ ಮುಖ್ಯವಾದ್ದು ರಟ್ಟಿನ ಪಟ್ಟಿ. ನಡೆಯುತ್ತಿರುವ ಸಾಲಿನ ಕೆಳಗೆ ಒಂದು ಉದ್ದನೆಯ ರಟ್ಟು ಇಟ್ಟು ಮುಂದಿನದ್ದನ್ನೆಲ್ಲ ಮುಚ್ಚಿಕೊಳ್ಳಬೇಕು. "ಕಣ್ಣು ಮುಂದಕ್ಕೆ ಓಡಿತೋ, ನೀನು ಕಥೆ ಓದೋಕೆ ಶುರು ಮಾಡ್ತೀಯ. ಕಥೆ ಓದೋದು ಟಿಕೆಟ್ ತಗೊಂಡವರ ಕೆಲಸ. ನೀನು ಮಾತಾಡೋರ ಮುಖ ನೋಡು." ಬೆಳಿಗ್ಗೆ ಪುಸ್ತಕಕ್ಕೆ ರಟ್ಟು ಕಟ್ಟುವ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಪಿಸಕ್ಕನಿಗೆ ರಟ್ಟಿಗೇನು ಬರ? ನೂರಾರು ಸಲ ಕೇಳಿದ ನಾಟಕಕ್ಕೂ ಅವಳು ರಟ್ಟು ಇಟ್ಟುಕೊಂಡೇ ಕೂರುತ್ತಿದ್ದಳು.

ರಾಣಿಗೂ ಅವಳಿಗೂ ನಡುವೆ ಒಂದು ಸನ್ನೆ ಇತ್ತು. ಮಾತು ಕೈಕೊಟ್ಟಾಗ ರಾಣಿ ಎಡಗೈಯನ್ನು ಬೆನ್ನ ಹಿಂದೆ ಒಯ್ದು ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚುತ್ತಿದ್ದಳು. ನೋಡುವವರಿಗೆ ಅದು ರಾಣಿಯ ಗತ್ತು, ಪಿಸಕ್ಕನಿಗೆ ಅದು ಕೂಗು. ರಾಣಿಯ ತಾಯಿ ತೀರಿಕೊಂಡ ದಿನವಂತೂ ಟಿಕೆಟ್ ಎಲ್ಲ ಮಾರಿಹೋಗಿತ್ತು, ಆಟ ನಿಲ್ಲಿಸುವಂತಿರಲಿಲ್ಲ, ರಾಣಿಯ ತಲೆಯಲ್ಲಿ ಒಂದಕ್ಷರ ಉಳಿದಿರಲಿಲ್ಲ. ಪಿಸಕ್ಕ ಸಿಂಹಾಸನದ ಹಿಂದೆ ಮುದುಡಿ ಕೂತು, ಒಂದು ಗಂಟೆಗೂ ಮಿಕ್ಕಿ ಪ್ರತಿಯೊಂದು ಸಾಲನ್ನೂ ಕೊಟ್ಟಳು. ಆಮೇಲೆ ಬಣ್ಣದ ಕೋಣೆಯಲ್ಲಿ ರಾಣಿ ಅವಳ ಎರಡೂ ಕೈ ಹಿಡಿದುಕೊಂಡು ಗೋಳೋ ಎಂದು ಅತ್ತಿದ್ದಳು. "ಒಂದಲ್ಲ ಒಂದು ದಿನ ನಿನ್ನ ಈ ಕತ್ತಲಿಂದ ಆಚೆ ಕರ್ಕೊಂಡು ಬರ್ತೀನಿ ಕಣೇ. ಎಲ್ಲರ ಮುಂದೆ ನಿನ್ನ ಹೆಸರು ಹೇಳ್ತೀನಿ. ನನ್ನಾಣೆ."

ಆಣೆಗೇನು, ಅಳುವಾಗ ಎಲ್ಲರೂ ಇಡುತ್ತಾರೆ. ಪಿಸಕ್ಕ ಅದನ್ನು ನಂಬಿದಳು.

ನಂಬಲು ಅವಳಿಗೆ ಕಾರಣವೂ ಇತ್ತು. ಮನೆಯಲ್ಲಿ ಅವಳ ಸಂಜೆಗಳಿಗೆ ಲೆಕ್ಕ ಕೊಡುವುದು ಕಷ್ಟವಾಗಿತ್ತು. ಬದುಕಿರುವ ತನಕ ಗಂಡ, "ಕತ್ತಲಲ್ಲಿ ಕೂತು ಬರೋಕೆ ತಲೆ ಬೇರೆ ಬಾಚಿಕೊಳ್ತೀಯಾ?" ಎಂದು ಮೂಗು ಮುರಿಯುತ್ತಿದ್ದ. ಅದು ಹೋಗಲಿ. ನೋವಾಗುತ್ತಿದ್ದದ್ದು ಮಗಳ ಮಾತಿಗೆ. ಮಗಳು ಶಾಲೆಯಲ್ಲಿ ಹಾಡಿದ ಸಂಜೆ, ಬಹುಮಾನ ತಗೊಂಡ ಸಂಜೆ, ಜ್ವರದಲ್ಲಿ ಬಡಬಡಿಸಿದ ಸಂಜೆ, ಯಾವುದರಲ್ಲೂ ಅಮ್ಮ ಇರಲಿಲ್ಲ. ಕಂಪನಿ ಮುಚ್ಚಿ ಹನ್ನೊಂದು ವರ್ಷವಾದರೂ ಆ ಸಿಟ್ಟು ಆರಿರಲಿಲ್ಲ. ಈಗ ಮಗಳೇ ಶಾಲೆಯ ಟೀಚರಮ್ಮ, ಅವಳಿಗೂ ಏಳು ವರ್ಷದ ಮಗಳು. ಆದರೂ ಮಾತಿಗೆ ಮಾತು ಬಂದರೆ, "ನೀನು ಅಲ್ಲಿ ಅಷ್ಟು ವರ್ಷ ಏನು ಮಾಡ್ತಿದ್ದೆ ಅಂತ ನಂಗಿವತ್ತಿಗೂ ಅರ್ಥ ಆಗಿಲ್ಲಮ್ಮ" ಎಂದುಬಿಡುತ್ತಿದ್ದಳು. ಮಗಳು ಒಂದು ನಾಟಕಕ್ಕೆ ಬಂದಿದ್ದಳು, ನಿಜ. ಬಂದರೆ ತಾನೇ ಏನು? ಅಮ್ಮನ ಕೆಲಸ ಎದುರಿಗೆ ಕೂತವರಿಗೆ ಕಾಣುವಂಥದ್ದಲ್ಲವಲ್ಲ.

ಅಂಥದ್ದರಲ್ಲಿ ಒಂದು ಬೆಳಿಗ್ಗೆ ರಾಣಿ ಮನೆಗೆ ಬಂದಳು. ಕೈಯಲ್ಲಿ ಬಣ್ಣಬಣ್ಣದ ಕರಪತ್ರ. ಊರಿನ ಉದ್ಯಾನದಲ್ಲಿ ಹೆಣ್ಣುಮಕ್ಕಳ ಸಂಗೀತ ಮತ್ತು ಕಲೆಯ ಉತ್ಸವ, ಮನೆಮಂದಿಯೆಲ್ಲ ಬನ್ನಿ ಎಂದಿತ್ತು.

"ನಂಗೆ ಸನ್ಮಾನವಂತೆ ಕಣೇ. ನೀನು ಇರ್ಲೇಬೇಕು. ನನ್ನ ಜೊತೆ, ವೇದಿಕೆ ಮೇಲೆ."

"ನಾನಾ? ವೇದಿಕೆ ಮೇಲಾ?"

"ಮತ್ತೆ? ಮಗಳು, ಅಳಿಯ, ಮಗು, ಎಲ್ಲರನ್ನೂ ಕರ್ಕೊಂಡು ಬಾ. ಅವತ್ತು ಮಾತು ಕೊಟ್ಟಿದ್ದೆ, ಮರೆತಿದ್ದೀನಿ ಅಂದ್ಕೊಂಡ್ಯಾ?"

ಆ ವಾರ ಪಿಸಕ್ಕನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಹಸಿರು ಸೀರೆಯನ್ನು ಎರಡು ಸಲ ಇಸ್ತ್ರಿ ಮಾಡಿದಳು. ಮಗಳು ಮೊದಲು, "ನಿಜವಾಗ್ಲೂ ನಿನ್ನ ಕರೆದಿದ್ದಾರಾ?" ಎಂದಳು. ಆಮೇಲೆ ತಾನೇ ಕೂತು ಅಮ್ಮನ ರವಿಕೆಯ ತೋಳಿನ ಹೊಲಿಗೆ ಬಿಚ್ಚಿ ಸರಿಮಾಡಿಕೊಟ್ಟಳು. ಅಷ್ಟು ಹತ್ತಿರ ಕೂತು ಅವರಿಬ್ಬರೂ ಮಾತಾಡಿ ಎಷ್ಟೋ ಕಾಲವಾಗಿತ್ತು.

ಭಾನುವಾರ ಮಧ್ಯಾಹ್ನ ಉದ್ಯಾನ ಗಿಜಿಗುಡುತ್ತಿತ್ತು. ಒಂದು ಕಡೆ ಮೂವರು ಹೆಂಗಸರು ದೊಡ್ಡ ಡೋಲುಗಳನ್ನು ಕುತ್ತಿಗೆಗೆ ಹಾಕಿಕೊಂಡು ಬಡಿಯುತ್ತಿದ್ದರು. ಆ ಸದ್ದಿಗೆ ಸಣ್ಣ ಮಕ್ಕಳ ಕಿವಿಗೆ ಹತ್ತಿ ಇಟ್ಟು ಕಳಿಸಲು ಬಾಗಿಲಲ್ಲೇ ಒಬ್ಬಳು ನಿಂತಿದ್ದಳು. ಮಣ್ಣಿನಲ್ಲಿ ಅಜ್ಜಿಯ ಮುಖ ಮಾಡುವ ಮೇಜು, ಮುಖಕ್ಕೆ ಚಿಟ್ಟೆ ಬರೆಯುವ ಮೇಜು, ಮರಗೆಲಸದವಳೊಬ್ಬಳು ಮಕ್ಕಳ ಕೈಗೆ ಉಳಿ ಕೊಟ್ಟು ತಾಯಂದಿರ ಎದೆ ನಡುಗಿಸುತ್ತಿದ್ದ ಮೇಜು. ಇನ್ನೊಂದು ಗುಡಾರದ ಮೇಲೆ "ಹೆಂಗಸರು ಹಾಡು ಕೇಳಲಿ, ಗಂಡಸರು ಮಗು ನೋಡಿಕೊಳ್ಳಲಿ" ಎಂದು ಬರೆದಿತ್ತು. ಒಳಗೆ ಹನ್ನೆರಡು ಗಂಡಸರು, ಹನ್ನೆರಡು ಕೂಸುಗಳು, ಅಳುತ್ತಿದ್ದವರು ಯಾರೆಂದು ಹೇಳುವುದು ಕಷ್ಟವಾಗಿತ್ತು. "ಅತ್ತೆ, ಸದ್ಯ ನಮ್ಮದು ಬೆಳೆದುಬಿಟ್ಟಿದೆ" ಎಂದು ಅಳಿಯ ನಿಟ್ಟುಸಿರು ಬಿಟ್ಟ. ಪಿಸಕ್ಕ ಬಾಯ್ತುಂಬ ನಕ್ಕಳು.

ವೇದಿಕೆಯ ಪಕ್ಕದಲ್ಲಿ ರಾಣಿಯ ಮುಖ ಎರಡಾಳು ಎತ್ತರಕ್ಕೆ ನಿಂತಿತ್ತು. ಮೊಮ್ಮಗಳು ಕತ್ತೆತ್ತಿ ನೋಡಿ, "ಅಜ್ಜಿ, ನಿಂದೆಲ್ಲಿ?" ಎಂದಳು.

"ಫೋಟೋಗೆಲ್ಲ ಅಜ್ಜಿ ಯಾಕೆ, ಅಜ್ಜಿಯೇ ಬರ್ತಾಳಲ್ಲ ಮೇಲೆ" ಎಂದಳು ಮಗಳು. ಎರಡನೇ ಸಾಲಿನಲ್ಲಿ ಜಾಗ ಹಿಡಿದು, ಅಮ್ಮನ ಸೆರಗು ಸರಿಮಾಡಿ, "ಹೆದರಬೇಡ, ನೇರ ನಮ್ಮ ಕಡೆ ನೋಡು" ಎಂದು ಹೇಳಿ ಕಳಿಸಿದಳು.

ವೇದಿಕೆಯ ಹಿಂದಿನ ಮೆಟ್ಟಿಲ ಬಳಿ ಪಟ್ಟಿ ಹಿಡಿದು ನಿಂತಿದ್ದವಳು ಪಟ್ಟಿಯನ್ನೆಲ್ಲ ಎರಡು ಸಲ ನೋಡಿದಳು. "ಓ, ರಾಣಿಯಮ್ಮನ ಜೊತೆಯವರಾ? ನೀವು ಈ ಕಡೆ ಬನ್ನಿ" ಎಂದು ಕರೆದುಕೊಂಡು ಹೋಗಿ, ಕಪ್ಪು ಪರದೆಯ ಹಿಂದೆ, ಸ್ಪೀಕರ್ ಪೆಟ್ಟಿಗೆಯ ಪಕ್ಕ, ಒಂದು ಪ್ಲಾಸ್ಟಿಕ್ ಕುರ್ಚಿ ತೋರಿಸಿದಳು. ಇಲ್ಲಿ ಸ್ವಲ್ಪ ಕಾಯಬೇಕು, ಆಮೇಲೆ ಕರೆಯುತ್ತಾರೆ ಎಂದು ಪಿಸಕ್ಕ ಅಂದುಕೊಂಡಳು. ಪರದೆಯ ಸಂದಿಯಿಂದ ನೋಡಿದರೆ ವೇದಿಕೆಯ ಮೇಲೆ ಐದು ಕುರ್ಚಿ. ನಾಲ್ಕು ಸಂಘಟಕರಿಗೆ, ಒಂದು ರಾಣಿಗೆ. ಆರನೆಯದು ತರುತ್ತಾರೇನೋ.

ರಾಣಿ ಬಂದಳು, ಮೈತುಂಬ ಸುಗಂಧ. "ಬಂದ್ಯಾ? ಸದ್ಯ, ಹೋದ ಜೀವ ಬಂತು ನೋಡು." ಚೀಲದಿಂದ ಎರಡು ಹಾಳೆ ತೆಗೆದಳು. "ಭಾಷಣ ಕಣೇ. ಕನ್ನಡಕ ಹಾಕ್ಕೊಂಡು ಚೀಟಿ ಓದಿದ್ರೆ ನನ್ನ ಮರ್ಯಾದೆ ಮೂರು ಕಾಸಿಗೆ ಹೋಗುತ್ತೆ. ಬಾಯಿಪಾಠ ಆಗ್ತಿಲ್ಲ. ನೀನಿದ್ದೀಯಲ್ಲ."

ಪಿಸಕ್ಕ ಪರದೆಯ ಸಂದಿಯ ಕಡೆ ಕೈ ತೋರಿಸಿದಳು. "ಮೇಲೆ ಕೂರಿಸ್ತೀನಿ ಅಂತ ನೀನೇ ಅಂದಿದ್ದೆ."

"ಇದೇನು ಕೆಳಗಾ? ನೋಡು, ಸ್ಟೂಲಲ್ಲ, ಬೆನ್ನಿರೋ ಕುರ್ಚಿ ಹಾಕ್ಸಿದ್ದೀನಿ." ರಾಣಿ ನಕ್ಕಳು. ಪಿಸಕ್ಕ ನಗಲಿಲ್ಲ.

"ಮಗಳು ಎದುರಿಗೆ ಕೂತಿದ್ದಾಳೆ ಕಣೇ. ನಾನು ಬರ್ತೀನಿ ಅಂತ ಕಾಯ್ತಿದ್ದಾಳೆ."

"ಅಯ್ಯೋ ಹುಚ್ಚಿ, ನಿನ್ನ ಹೆಸರು ಕೊನೇಲಿದೆ. ನಾನೇ ಹೆಸರು ಹಿಡಿದು ಕರೀತೀನಿ, ನೀನು ಪರದೆ ಸರಿಸ್ಕೊಂಡು ಬಾ. ಎಷ್ಟು ಚೆನ್ನಾಗಿರುತ್ತೆ ಯೋಚ್ನೆ ಮಾಡು!"

ಯೋಚನೆ ಮಾಡಿದರೆ ಚೆನ್ನಾಗಿಯೇ ಇತ್ತು. ಪರದೆ ಸರಿಸಿಕೊಂಡು ಬೆಳಕಿಗೆ ಬರುವುದು, ಮಗಳು ಬಾಯಿ ಬಿಟ್ಟುಕೊಂಡು ನೋಡುವುದು. ಪಿಸಕ್ಕನಿಗೆ ಸಮಾಧಾನವಾಯಿತು. ಕೂತಳು. ಹಾಳೆಗಳನ್ನು ತೊಡೆಯ ಮೇಲಿಟ್ಟು, ಸುತ್ತ ನೋಡಿ, ಯಾವುದೋ ಪೆಟ್ಟಿಗೆಯ ರಟ್ಟು ಹರಿದು, ಮೊದಲ ಸಾಲಿನ ಕೆಳಗೆ ಇಟ್ಟಳು. ಇಲ್ಲೇ ನೋಡಿ ಅವಳು ಎಡವಿದ್ದು. ಬೇರೆ ಯಾರೇ ಆಗಿದ್ದರೂ ತಮ್ಮ ಹೆಸರು ಎಲ್ಲಿದೆ ಎಂದು ಮೊದಲು ಕೊನೆಯ ಸಾಲು ಹುಡುಕುತ್ತಿದ್ದರು. ಪಿಸಕ್ಕನ ಕೈ ಆ ಸಾಲನ್ನೇ ಮುಚ್ಚಿತು. ತಡೆಯಲಾರದ ಆಸೆ ಅವಳಿಗೂ ಇತ್ತು, ಆದರೆ ಕಲಿತದ್ದು ಆಸೆಗಿಂತ ಹಳೆಯದಾಗಿತ್ತು.

ಚಪ್ಪಾಳೆಯಾಯಿತು. ರಾಣಿ ಮೈಕಿನ ಮುಂದೆ ನಿಂತಳು. ಆ ಕಂಠ ಇನ್ನೂ ಹಾಗೇ ಇತ್ತು, ಉದ್ಯಾನದ ಆಚೆ ತುದಿಯ ಕೂಸುಗಳೂ ಅಳು ನಿಲ್ಲಿಸಿದವು. ಮೊದಲ ಪುಟ ಸರಾಗವಾಗಿ ಹೋಯಿತು. ನಾಲ್ಕು ಸಲ ಬೆನ್ನ ಹಿಂದೆ ಹೆಬ್ಬೆರಳು ಮಡಚಿತು, ನಾಲ್ಕು ಸಲ ಪಿಸಕ್ಕ ಎರಡೆರಡು ಪದ ಕೊಟ್ಟಳು. ಹನ್ನೊಂದು ವರ್ಷದ ಮೇಲೂ ದನಿ ಎಲ್ಲಿಗೆ ಮುಟ್ಟಬೇಕೋ ಅಲ್ಲಿಗೇ ಮುಟ್ಟಿತು. ನಾಚಿಕೆಯಿಲ್ಲದೆ ಹೇಳಬೇಕೆಂದರೆ ಅವಳಿಗೆ ಖುಷಿಯೂ ಆಯಿತು.

ಎರಡನೇ ಪುಟದ ನಡುವೆ ರಾಣಿ ಮತ್ತೆ ನಿಂತಳು. ಹೆಬ್ಬೆರಳು ಮಡಚಿತು. ಪಿಸಕ್ಕ ಮೂರು ಉಸಿರು ಕಾದಳು, ರಟ್ಟು ಒಂದು ಸಾಲು ಸರಿಸಿದಳು, ಕಣ್ಣು ಮೊದಲೆರಡು ಪದ ಹಿಡಿಯಿತು, ಬಾಯಿ ಹೇಳಿಬಿಟ್ಟಿತು.

"ನನ್ನ ಹಿಂದೆ."

ರಾಣಿ ತಲೆ ಎತ್ತಿದಳು. "ನನ್ನ ಹಿಂದೆ ಯಾರೂ ಇರಲಿಲ್ಲ" ಎಂದಳು. "ಮೂವತ್ತೊಂದು ವರ್ಷ ಆ ರಂಗದ ಮೇಲೆ ನಾನು ಒಬ್ಬಳೇ ನಿಂತೆ. ಒಂದು ಮಾತು ತಪ್ಪಿದರೆ ಎತ್ತಿಕೊಡಲು ಒಂದು ಜೀವ ಇರಲಿಲ್ಲ."

ಉದ್ಯಾನವೆಲ್ಲ ಚಪ್ಪಾಳೆ. ಪಿಸಕ್ಕನಿಗೆ ಮೊದಲು ಅರ್ಥವೇ ಆಗಲಿಲ್ಲ. ತಾನು ಕೊಟ್ಟ ಪದಗಳಿಗೆ ಇಂಥ ಬಾಲ ಇದೆಯೆಂದು ಗೊತ್ತಿದ್ದರೆ ನಾಲಿಗೆ ಕಚ್ಚಿಕೊಳ್ಳುತ್ತಿದ್ದಳು. ಈಗ ಅದೇ ನಾಲಿಗೆಯಿಂದ ಅದನ್ನು ಎತ್ತಿಕೊಟ್ಟಾಗಿತ್ತು. ಅವಳು ರಟ್ಟನ್ನು ತೆಗೆದಳು. ಜೀವಮಾನದಲ್ಲಿ ಮೊದಲ ಸಲ ಮುಂದಿನದ್ದನ್ನೆಲ್ಲ ಒಂದೇ ಗುಕ್ಕಿಗೆ ಓದಿದಳು. ಕೊನೆಯಲ್ಲಿ ವಂದನೆಗಳಿದ್ದವು. ಮುಖಕ್ಕೆ ಬಣ್ಣ ಹಚ್ಚಿದವರಿಗೆ, ದೀಪ ಹಿಡಿದವರಿಗೆ, ಟಿಕೆಟ್ ಹರಿದವರಿಗೆ, ಸೈಕಲ್ ಕಾಯುತ್ತಿದ್ದವನಿಗೆ. ಸೈಕಲ್ ಕಾಯುತ್ತಿದ್ದವನಿಗೆ! ಅವಳ ಹೆಸರು ಎಲ್ಲೂ ಇರಲಿಲ್ಲ.

ಮರೆತಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. ಮರೆಯುವವರ ಜೊತೆಯಲ್ಲೇ ಬದುಕು ಕಳೆದವಳು. ಆದರೆ ಇದು ಮರೆವಲ್ಲ. ಸೈಕಲ್ಲಿನವನು ನೆನಪಿದ್ದಾನೆ ಅಂದರೆ ಇವಳನ್ನು ಆರಿಸಿ ಆಚೆ ಇಟ್ಟಿದ್ದಾರೆ. ಜೊತೆಗೆ ಐದು ನಿಮಿಷದ ಹಿಂದೆ ರಾಣಿಯೇ, ಮುಖಕ್ಕೆ ಮುಖ ಕೊಟ್ಟು, ಹೆಸರಿದೆ ಎಂದು ಸುಳ್ಳು ಹೇಳಿ ಕೂರಿಸಿದ್ದಾಳೆ.

ಚಪ್ಪಾಳೆ ನಿಂತಿತು. ರಾಣಿಯ ಎಡಗೈ ಬೆನ್ನ ಹಿಂದೆ ಬಂತು. ಹೆಬ್ಬೆರಳು ಮಡಚಿತು. ಒಂದು ಉಸಿರು, ಎರಡು, ಮೂರು. ಪಿಸಕ್ಕ ಸುಮ್ಮನಿದ್ದಳು. ಮುಷ್ಟಿ ಇನ್ನೂ ಬಿಗಿಯಾಯಿತು, ಗೆಣ್ಣುಗಳು ಬೆಳ್ಳಗಾದವು. ಐದು, ಆರು. ಕೊಡಬೇಕಾದ ಮಾತು ತಾನಾಗಿ ನಾಲಿಗೆಗೆ ಎದ್ದು ಬರುತ್ತಿತ್ತು. ಅದನ್ನು ಹಲ್ಲು ಕಚ್ಚಿ ಹಿಡಿದಳು. ಬೀಳಲಿ, ಎಲ್ಲರ ಮುಂದೆ ಬಾಯಿ ಕಟ್ಟಿ ನಿಲ್ಲಲಿ, ಆಗ ಗೊತ್ತಾಗಲಿ ಎಂದುಕೊಂಡಳು.

ಏನಾಯಿತು ಗೊತ್ತೇ? ರಾಣಿಯ ಕಣ್ಣಲ್ಲಿ ಹೆದರಿಕೆಗೆ ನೀರು ಬಂತು. ಮುಂದಿನ ಸಾಲಿನ ಹೆಂಗಸೊಬ್ಬಳು, "ಪಾಪ, ಮಾತೇ ಹೊರಡ್ತಿಲ್ಲ" ಎಂದು ಬಿಕ್ಕಿದಳು. ಇನ್ನೊಬ್ಬಳು ಎದ್ದು ನಿಂತು ಚಪ್ಪಾಳೆ ತಟ್ಟಿದಳು. ಸಾಲು ಸಾಲೇ ಎದ್ದಿತು. ಡೋಲಿನವರು ಡೋಲು ಬಡಿದರು. ರಾಣಿ ಕೈ ಮುಗಿದಳು, ಫಲಕ ಬಂತು, ಹೂಗುಚ್ಛ ಬಂತು. ಅವಳ ಜೀವಮಾನದ ಅತ್ಯುತ್ತಮ ದೃಶ್ಯ ಅದೇ ಎಂದು ಆಮೇಲೆ ಜನ ಆಡಿಕೊಂಡರು. ಅದನ್ನೂ ಪಿಸಕ್ಕನೇ ಕೊಟ್ಟಿದ್ದು ಅನ್ನಿ.

ಹಿಂದಿನ ಮೆಟ್ಟಿಲಿಳಿದು ನೀರಿನ ಡ್ರಮ್ಮಿನ ಬಳಿ ನಿಂತಾಗ ಮಗಳು, ಅಳಿಯ, ಮಗು ಹುಡುಕಿಕೊಂಡು ಬಂದರು. ಮಗಳ ಕಣ್ಣು ಒದ್ದೆಯಾಗಿತ್ತು.

"ಎಷ್ಟು ಚೆನ್ನಾಗಿ ಮಾತಾಡಿದ್ರಮ್ಮ! ಪಾಪ, ಅವರ ಹಿಂದೆ ಯಾರೂ ಇರ್ಲಿಲ್ವಂತೆ. ಹಾಗಾದ್ರೆ ನೀನು..." ಮಗಳು ಅರ್ಧಕ್ಕೆ ನಿಂತಳು. ಅಮ್ಮನನ್ನು ಮೇಲಿಂದ ಕೆಳಗೆ ನೋಡಿದಳು. "ನೀನು ವೇದಿಕೆ ಮೇಲೆ ಬರ್ಲೇ ಇಲ್ವಲ್ಲ. ಕರೀತಾರೆ ಅಂತ ಸುಳ್ಳು ಹೇಳಿದ್ಯಾ?"

ಪಿಸಕ್ಕ ಡ್ರಮ್ಮಿನ ನಲ್ಲಿ ತಿರುಗಿಸಿ ಮುಖಕ್ಕೆ ನೀರು ಹಾಕಿಕೊಂಡಳು. ನಿಜವನ್ನೇ ಹೇಳಿದ್ದರೂ ಅದು ಹೊಟ್ಟೆಕಿಚ್ಚಿನ ಮಾತಿನಂತೆ ಕೇಳುತ್ತಿತ್ತು, ಅದು ಅವಳಿಗೆ ಗೊತ್ತಿತ್ತು.

ಅಷ್ಟರಲ್ಲಿ ರಾಣಿ ಮೆಟ್ಟಿಲಿಳಿದು ದಡದಡನೆ ಬಂದಳು. ಸುತ್ತ ಯಾರಿದ್ದಾರೆಂದು ನೋಡುವ ವ್ಯವಧಾನವೂ ಅವಳಿಗಿರಲಿಲ್ಲ.

"ಯಾಕೆ ಕೈಬಿಟ್ಟೆ? ಹೇಳು, ಯಾಕೆ ಕೈಬಿಟ್ಟೆ? ನಿನ್ನ ನಂಬಿಕೊಂಡು ನಾನು ಅಲ್ಲಿ ನಿಂತ್ಕೊಂಡಿದ್ದೀನಿ, ನೀನು ಬಾಯಿ ಮುಚ್ಕೊಂಡು ಮಜಾ ನೋಡ್ತೀಯಾ? ನನ್ನ ಬಾಯಿಗೆ ಬಂದ ಮಾತಲ್ಲಿ ನೀನು ಕೊಡದೇ ಇರೋದು ಯಾವ್ದಿದೆ? ಯಾವ ಪಾತ್ರ ನಂಗೆ ಪೂರ್ತಿ ಬರ್ತಿತ್ತು? ಒಂದೂ ಬರ್ತಿರ್ಲಿಲ್ಲ! ಅಷ್ಟೂ ವರ್ಷ ಒಂದು ಸಲಾನೂ ಕೈಬಿಡದವಳು ಇವತ್ತು ನನ್ನ ಕುತ್ತಿಗೆ ಕೊಯ್ದೆ. ದ್ರೋಹಿ ನೀನು!"

ಮಗಳು ಒಂದು ಹೆಜ್ಜೆ ಮುಂದೆ ಬಂದಳು. ರಾಣಿಗೆ ಅವಳು ಕಂಡದ್ದು ಆಗಲೇ. ದನಿ ಕುಸಿಯಿತು. "ಒಂಟಿಯಾಗಿ ಗೆದ್ದವಳ ಕಥೆ ಬೇಕು ಅಂದ್ರು ಈ ಸಂಘಟಕರು" ಎಂದು ಗೊಣಗಿದಳು. ಅಷ್ಟರಲ್ಲಿ ಸಂಘಟಕಿಯೊಬ್ಬಳು ಛಾಯಾಗ್ರಾಹಕನ ಜೊತೆ ಬಂದಳು. ರಾಣಿಯ ಮುಖದಲ್ಲಿ ದೀಪ ಹಾಕಿದಂತೆ ನಗು ಬಂತು.

"ಅಮ್ಮಾ, ನೀವು ಸ್ವಲ್ಪ ಪಕ್ಕಕ್ಕೆ ಸರೀತೀರಾ? ಫೋಟೋದಲ್ಲಿ ಬರ್ತಿದ್ದೀರಿ" ಎಂದ ಛಾಯಾಗ್ರಾಹಕ.

ಪಿಸಕ್ಕ ಆಗಲೇ ಸರಿದಿದ್ದಳು, ಅವನು ಹೇಳುವ ಮೊದಲೇ.

ದಾರಿಯುದ್ದಕ್ಕೂ ಮಗಳು ಅಮ್ಮನ ಕೈ ಬಿಡಲಿಲ್ಲ. ಮನೆಗೆ ಬಂದು, ಅಡುಗೆಮನೆಯ ಬಾಗಿಲಿಗೆ ಒರಗಿ, "ಅವರು ಬೈದಿದ್ದು ನಿಜಾನಾ ಅಮ್ಮ? ಎಲ್ಲ ನೀನೇ ಹೇಳ್ತಿದ್ದದ್ದಾ?" ಎಂದು ಕೇಳಿದಳು. ನಿಜ ಎಂದಳು ಪಿಸಕ್ಕ. "ಇದನ್ನ ಅಲ್ಲಿ ಹೇಳೋಕೆ ಏನಾಗಿತ್ತು ಅವರಿಗೆ?" ಎಂದು ಮಗಳು ಅತ್ತಳು. ಮೂವತ್ತಾರು ವರ್ಷದ ಹೆಂಗಸು, ಮಗುವಿನ ಹಾಗೆ. ಪಿಸಕ್ಕನಿಗೆ ಸಂತೋಷವಾಗಬೇಕಿತ್ತು. ಮಗಳಿಗೆ ಕೊನೆಗೂ ತಿಳಿಯಿತಲ್ಲ. ಆದರೆ ಆಣೆ ಇಟ್ಟು ಕೊಡುತ್ತೇನೆಂದದ್ದು ಬೈಗುಳವಾಗಿ, ನೀರಿನ ಡ್ರಮ್ಮಿನ ಹಿಂದೆ, ಮೂವರ ಕಿವಿಗೆ ಬಿದ್ದಿತ್ತು. ಅದಕ್ಕೆ ಸಂತೋಷ ಪಡಲು ಅವಳಿಗೆ ಆಗಲಿಲ್ಲ.

ಮಂಗಳವಾರ ಬೆಳಿಗ್ಗೆ ಫೋನ್ ಬಂತು. ರಾಣಿ. ಎರಡು ಸಲ ಹೊಡೆದುಕೊಂಡು ನಿಂತಿತು, ಮೂರನೇ ಸಲಕ್ಕೆ ಪಿಸಕ್ಕ ಎತ್ತಿದಳು.

"ನಾನು ಕಣೇ" ಎಂದಳು ರಾಣಿ. ಆಮೇಲೆ, "ಅದೂ... ಅವತ್ತು..." ಎಂದಳು. ಆಮೇಲೆ ನಿಂತಳು.

ಅತ್ತ ಕಡೆ ಉಸಿರು ಕೇಳುತ್ತಿತ್ತು. ಆ ಉಸಿರು ಪಿಸಕ್ಕನಿಗೆ ಹೊಸದಲ್ಲ. ಮಾತು ಸಿಗದೆ ತಡಕಾಡುವ ರಾಣಿಯ ಉಸಿರು. ಕೇಳಬೇಕಾದ್ದು ಕ್ಷಮೆ. ಅದಕ್ಕೆ ಬೇಕಾದ ಮಾತು ಯಾವುದೆಂದು ಪಿಸಕ್ಕನಿಗೆ ಗೊತ್ತಿತ್ತು, ನಾಲಿಗೆಯ ತುದಿಗೇ ಬಂದು ಕೂತಿತ್ತು. ಮೆಲ್ಲಗೆ ಅಂದರೆ ಸಾಕು, ರಾಣಿ ಎತ್ತಿಕೊಂಡು ಕಣ್ಣೀರು ಸುರಿಸಿ ಪೂರ್ತಿ ಮಾಡುತ್ತಾಳೆ, ಚೆನ್ನಾಗಿಯೇ ಮಾಡುತ್ತಾಳೆ.

ಪಿಸಕ್ಕ ಕಾದಳು. ಮೂರು ಉಸಿರು ಕಾದಳು, ಹತ್ತು ಕಾದಳು. ಸಾಕಷ್ಟು ಹೊತ್ತು ಕಾದಳು, ಅದರಲ್ಲಿ ಅವಳು ಮೋಸ ಮಾಡಲಿಲ್ಲ. ಆಮೇಲೆ ಫೋನ್ ಕೆಳಗಿಟ್ಟಳು.